ದ್ವೀಪಕ್ಕೊಂದು ಪರಸ್ಥಾನ

ಆ ದ್ವೀಪದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಮುಂದಿನ ಬೇಸಿಗೆಗೆ ಟೆಕ್ಸಸ್ಸಿನ ಕನ್ನಡಿಗರೆಲ್ಲ ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಅಲ್ಲಿಗೆ ಹೊರಟುಬಿಡುತ್ತಾರೆ. ಗ್ರೀಸ್ ದೇಶದ್ದು, ಬಲು ಚಿಕ್ಕದು, ಅಲ್ಲಿ ಕಾರುಗಳಿಲ್ಲ. ನಿಮಗೆ ಅಷ್ಟು ಗೊತ್ತಾದರೆ ಸಾಕು. ಬೆಳಿಗ್ಗೆ ಒಂದು ದೋಣಿ ಹೋಗುತ್ತದೆ, ಸಂಜೆ ಅದೇ ದೋಣಿ ವಾಪಸ್ಸು ಬರುತ್ತದೆ. ನಡುವೆ ಸಿಗುವ ಆ ಒಂದು ಹಗಲಿಗಾಗಿ ನಾನು ಆರು ತಿಂಗಳಿನಿಂದ ಬದುಕಿದ್ದೆ ಎಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ.

ನನ್ನ ಹೆಸರು ಉಷಾ. ಮೈಸೂರಿನವಳು, ಮೂವತ್ತು ವರ್ಷದಿಂದ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದೇನೆ. ವಯಸ್ಸು ಅರವತ್ತು ದಾಟಿದೆ. ನನ್ನ ಗಂಡ ಸುಧೀಂದ್ರ ತೀರಿಕೊಂಡು ಆರು ವರ್ಷವಾಯಿತು. ಒಬ್ಬನೇ ಮಗ ಕೃಷ್ಣಚೈತನ್ಯ, ಹೆಂಡತಿ ಶ್ರೀಜಾಳ ಜೊತೆ ಡಾಲಸ್ ಹತ್ತಿರದ ಫ್ಲವರ್ ಮೌಂಡ್‌ನಲ್ಲಿದ್ದಾನೆ. ದಿನಾ ಫೋನ್ ಮಾಡಿ ಊಟ ಆಯ್ತಾ, ಮಾತ್ರೆ ಆಯ್ತಾ ಎಂದು ಕೇಳುತ್ತಾನೆ. ಒಳ್ಳೆಯ ಮಗ. ಆದರೆ ಗಂಡ ಹೋದ ಹೆಂಗಸಿನ ಬದುಕಿನಲ್ಲಿ ಊಟ, ಮಾತ್ರೆ ಬಿಟ್ಟು ಬೇರೇನೂ ಆಗುವುದಿಲ್ಲ ಎಂದು ಅವನಿಗೆ ಯಾರು ಹೇಳಿಕೊಟ್ಟರೋ! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಗನ ಮೇಲೆ ಮಾತ್ರ ಯಾವತ್ತೂ ತೋರಿಸಿಕೊಂಡವಳಲ್ಲ.

ಕನ್ನಡ ಸಂಘದವರು ಗ್ರೀಸ್‌ಗೆ ಟೂರ್ ಹೊರಡಿಸುತ್ತಾರೆಂದು ತಿಳಿದು ನಾನೂ ಹೆಸರು ಕೊಟ್ಟಿದ್ದೆ. ಮೊದಲ ಮೀಟಿಂಗು ಹ್ಯೂಸ್ಟನ್ನಿನಲ್ಲಿ ನಮ್ಮವರ ಅಂಗಡಿಗಳೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ಒಂದು ಹೋಟೆಲಿನಲ್ಲಿ ನಡೆಯಿತು. ಗ್ರೀಸ್‌ನಲ್ಲಿ ಚಪಾತಿ ಸಿಗುತ್ತಾ, ಮೊಸರು ಸಿಗುತ್ತಾ ಎಂದು ಜನ ಒಬ್ಬರ ಮೇಲೊಬ್ಬರು ಬಿದ್ದು ಕೇಳುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ! ಒಂಟಿಯಾಗಿ ಬರುವವರಿಗೆಲ್ಲ ಒಂದು ಮೇಜು ಅಂದರು. ನೋಡಿದರೆ ಒಂಟಿಯವರು ಇಬ್ಬರೇ ಇದ್ದೆವು.

ಇನ್ನೊಬ್ಬರು ಪ್ರಹ್ಲಾದ್. ಧಾರವಾಡದವರು, ಹ್ಯೂಸ್ಟನ್‌ನಲ್ಲಿ ಹಲ್ಲಿನ ಡಾಕ್ಟರಾಗಿದ್ದು ರಿಟೈರ್ ಆದವರು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಟೂರಿನಲ್ಲಿ ಒಂದು ದಿನ ಎಲ್ಲರಿಗೂ ಬಿಡುವು, ಬೇಕಾದಲ್ಲಿಗೆ ಹೋಗಬಹುದು ಎಂದು ಸಂಘದವರು ಹೇಳಿದಾಗ ಅವರು ತಮ್ಮ ಫೋನನ್ನು ನನ್ನ ಕಡೆ ತಿರುಗಿಸಿದರು. ನೀಲಿ ನೀರಿನ ನಡುವೆ ಒಂದು ಕಲ್ಲಿನ ತುಂಡು, ಅದರ ಮೇಲೆ ನಾಲ್ಕು ಬಿಳಿ ಮನೆ.

"ಆ ದಿನ ಎಲ್ಲಾರೂ ಶಾಪಿಂಗ್ ಹೋಗ್ತಾರ್ರಿ. ನಾ ಇಲ್ಲಿಗೆ ಹೋಗಾಂವ. ಮುಂಜಾನೆ ಹೋಗಿ ಸಂಜಿಗೆ ಬರೋದು. ನೀವೂ ಬರ್ರಿ," ಎಂದರು.

"ಅಲ್ಲೇನಿದೆ?"

"ಏನೂ ಇಲ್ರಿ. ಅದಕ್ಕ ಹೊಂಟೀನಿ."

ಏನೂ ಇಲ್ಲದ ಕಡೆಗೆ ಇಷ್ಟು ಸಂತೋಷದಿಂದ ಹೊರಡುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಗಂಡನೂ ಒಳ್ಳೆಯವರೇ. ಆದರೆ ಅವರಿಗೆ ಸ್ವರ್ಗಕ್ಕೆ ಹೋದರೂ ಪಾರ್ಕಿಂಗಿನದೇ ಚಿಂತೆ.

ಅಂದಿನಿಂದ ದಿನಾ ಸಂಜೆ ಪ್ರಹ್ಲಾದರ ಫೋನು. ಆ ಒಂದು ಹಗಲನ್ನು ನಾವು ಸಾವಕಾಶವಾಗಿ ಕಟ್ಟಿದೆವು. ದೋಣಿಯಲ್ಲಿ ಯಾವ ಕಡೆ ಕೂರುವುದು, ಇಳಿದ ಮೇಲೆ ಎಡಕ್ಕೆ ಹೋಗುವುದೋ ಬಲಕ್ಕೋ ಎಂದು ಒಂದು ವಾರ ಚರ್ಚೆಯಾಯಿತು. "ಮಧ್ಯಾಹ್ನ ಬಿಸಲು ಭಾಳ ಇರತದ. ಅಂಜೂರದ ಗಿಡದ ಕೆಳಗ ಕೂಡೋಣ," ಎಂದು ಅವರು ಹೇಳಿದರೆ, ಅಲ್ಲಿ ಅಂಜೂರದ ಮರ ಇದೆಯೋ ಇಲ್ಲವೋ ನಾನು ಕೇಳುತ್ತಿರಲಿಲ್ಲ. ಆಗಲೇ ಅದರ ನೆರಳಿನಲ್ಲಿ ಚಪ್ಪಲಿ ಬಿಟ್ಟು ಕೂತಿರುತ್ತಿದ್ದೆ. ಎಚ್‌ಇಬಿ ಅಂಗಡಿಗೆ ತರಕಾರಿಗೆ ಹೋದರೆ ಪಾರ್ಕಿಂಗಿನಲ್ಲಿ ಸಂಜೆಯ ಕಪ್ಪು ಹಕ್ಕಿಗಳು ಕಿರಿಚುತ್ತಿರುತ್ತವಲ್ಲ, ನನಗೆ ಅವೇ ಕಡಲ ಹಕ್ಕಿಗಳು. ಹೈವೇಯಲ್ಲಿ ಲಾರಿಗಳು ಸುಯ್ಯೆಂದು ಹೋಗುವಾಗ ಅಲೆ ಬಂದು ಹೋದ ಹಾಗೆ. ಎಷ್ಟೋ ಸಲ ನಮ್ಮೂರಿನ ಎಕ್ಸಿಟ್ ತಪ್ಪಿ ಮುಂದಿನ ಊರು ಜಾರ್ಜ್‌ಟೌನ್‌ವರೆಗೆ ಹೋಗಿ ತಿರುಗಿ ಬಂದಿದ್ದೇನೆ.

ನನ್ನದು ಒಂದೇ ಕಟ್ಟುನಿಟ್ಟು, ಸಂಜೆಯ ದೋಣಿ ತಪ್ಪಬಾರದು. ಹಗಲು ಹೋಗಿ ಬಂದರೆ ಅದು ಪ್ರವಾಸ. ಒಂದು ರಾತ್ರಿ ಸೇರಿತೋ, ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಸಂಘಗಳಿಗೆ ವರ್ಷಕ್ಕಾಗುವಷ್ಟು ಮಾತು. ಊರ ಬಾಯಿ ಮುಚ್ಚುವುದಕ್ಕಾಗುತ್ತದೆಯೇ? ಅದಕ್ಕಿಂತ ಹೆಚ್ಚಾಗಿ ನನಗೆ ಮಗನ ಭಯ. ಪ್ರಹ್ಲಾದ್ ಎಂದರೆ ನನಗೆ ಇಷ್ಟ. ಬೇರೆ ಪದ ಹುಡುಕುತ್ತಾ ಕೂರುವ ವಯಸ್ಸಲ್ಲ ನನ್ನದು. ಆದರೆ ಮಗನ ಕಣ್ಣಿನಲ್ಲಿ ಅವನಪ್ಪನ ಹೆಂಡತಿಯಾಗಿ ಉಳಿಯುವುದೂ ನನಗೆ ಬೇಕಿತ್ತು. ಹಾಗಾಗಿ ಒಂದು ಹಗಲು ಸಿಕ್ಕರೆ ಸಾಕು, ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡರಾಯಿತು ಎಂದು ತೀರ್ಮಾನಿಸಿದ್ದೆ.

ಹೊರಡುವ ದಿನ ಹತ್ತಿರ ಬಂದಾಗ ಧಾರವಾಡದಿಂದ ಪ್ರಹ್ಲಾದರ ಅಕ್ಕ ತಕರಾರು ತೆಗೆದರು. ಡಾಲಸ್‌ನಿಂದ ವಿಮಾನ ಹೊರಡುವುದು ಮಂಗಳವಾರ, ಸಾಲದ್ದಕ್ಕೆ ಅಮಾವಾಸ್ಯೆ. ಬೇಡವೇ ಬೇಡ, ಹೋಗಲೇಬೇಕಿದ್ದರೆ ಗುರುವಾರವೇ ಪರಸ್ಥಾನ ಇಡು ಎಂದರಂತೆ. ನಮ್ಮಜ್ಜಿಯೂ ಮಾಡುತ್ತಿದ್ದರು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆ ಒಳ್ಳೆಯ ಗಳಿಗೆ ನೋಡಿ ಒಂದು ಸಣ್ಣ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ, ಹೋಗುವಾಗ ಆ ಗಂಟನ್ನು ಎತ್ತಿಕೊಂಡು ಹೋದರಾಯಿತು.

ಗುರುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಪ್ರಹ್ಲಾದ್ ನಿಂತಿದ್ದಾರೆ, ಕೈಯಲ್ಲಿ ಒಂದು ಕಂದು ಬಣ್ಣದ ಬ್ಯಾಗು.

"ಹ್ಯೂಸ್ಟನ್‌ನಲ್ಲಿ ಮನೆಗಳೇ ಇರಲಿಲ್ವಾ? ಪಕ್ಕದ ಮನೇಲಿ ಇಟ್ಟಿದ್ರೆ ಆಗ್ತಿತ್ತಲ್ಲ," ಎಂದೆ.

"ಪಕ್ಕದ ಮನಿಯವರು ಮೆಕ್ಸಿಕನ್ ಮಂದಿರಿ. ಅಮಾಸಿ ಅಂದ್ರ ಏನಂತ ಅವರಿಗೆ ಹೆಂಗ ತಿಳಿಸಿ ಹೇಳ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಹ್ಯೂಸ್ಟನ್‌ನಿಂದ ಡಾಲಸ್‌ಗೆ ನೇರ ದಾರಿ ಇದೆ. ಮಂಗಳವಾರ ಇವರು ಬ್ಯಾಗಿಗೋಸ್ಕರ ಮತ್ತೆ ರೌಂಡ್ ರಾಕ್ ಸುತ್ತಿ ಹೋಗಬೇಕು. ಮೈಸೂರಿನಿಂದ ಬೆಂಗಳೂರಿಗೆ ಹಾಸನದ ಮೇಲೆ ಹೋದ ಹಾಗೆ. ಅದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಶನಿವಾರವೇ ನಾನು ಮಗನ ಮನೆಗೆ ಹೊರಡುವವಳಾದ್ದರಿಂದ ಬೀಗದ ಕೈ ಎಲ್ಲಿಟ್ಟಿರುತ್ತೇನೆಂದು ಹೇಳಿದೆ. ಬ್ಯಾಗನ್ನು ನಡುಮನೆಯ ಕಿಟಕಿ ಪಕ್ಕ ಇಟ್ಟು, ಕಾಫಿ ಕುಡಿದು ಹೊರಟರು.

ಆ ಬ್ಯಾಗಿನ ಜೊತೆ ನಾನು ಎರಡು ದಿನ ಕಳೆದೆ. ಅಡುಗೆಮನೆಯಿಂದ ಬರುವಾಗ ನೋಡುತ್ತಿದ್ದೆ, ದೇವರಿಗೆ ದೀಪ ಹಚ್ಚಿ ಬಂದು ನೋಡುತ್ತಿದ್ದೆ. ಬಿಸಿಲು ಕಿಟಕಿಯಿಂದ ಇಳಿದು, ನೆಲದ ಮೇಲೆ ಅಲುಗಾಡಿ, ಅದರ ಬುಡದವರೆಗೆ ಬರುತ್ತಿತ್ತು. ಮನೆಯೇ ನಿಧಾನವಾಗಿ ದಡ ಬಿಟ್ಟು ತೇಲಿಹೋಗುತ್ತಿದೆ ಅನ್ನಿಸುತ್ತಿತ್ತು. ಆರು ವರ್ಷದ ಮೇಲೆ ಮನೆಯಲ್ಲಿ ಒಬ್ಬ ಗಂಡಸಿನ ಸಾಮಾನು. ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಶನಿವಾರ ಮಧ್ಯಾಹ್ನ ಚೈತನ್ಯ, ಶ್ರೀಜಾ ಬಂದರು. ನನ್ನನ್ನು ಫ್ಲವರ್ ಮೌಂಡ್‌ಗೆ ಕರೆದುಕೊಂಡು ಹೋಗಿ, ಮಂಗಳವಾರ ಏರ್‌ಪೋರ್ಟಿಗೆ ಬಿಡುವುದೆಂದು ಮಾತಾಗಿತ್ತು. ಮಗ ಬಾಗಿಲಲ್ಲೇ ತೋಳು ಅಗಲಿಸಿ ನಿಂತ.

"ಸರ್‌ಪ್ರೈಸ್ ಅಮ್ಮ! ನಾವೂ ಬರ್ತಿದೀವಿ. ಟೂರ್‌ನಲ್ಲಿ ಯಾರೋ ಇಬ್ಬರು ಕ್ಯಾನ್ಸಲ್ ಮಾಡಿದ್ರು. ಆ ಫ್ರೀ ಡೇ ಇದೆಯಲ್ಲ, ಅವತ್ತಿಗೆ ಒಂದು ಬೋಟ್ ಬುಕ್ ಮಾಡಿದೀನಿ. ಇಡೀ ದಿನ ನಾವು ಮೂರೇ ಜನ."

ಅವನ ಮುಖದಲ್ಲಿ ಎಂಥ ಖುಷಿ! ನಾನು ಸುಮ್ಮನಿದ್ದರೆ ಆ ಹಗಲು ಅಲ್ಲೇ ಮುಗಿದುಹೋಗುತ್ತಿತ್ತು. ಅವನು ಆಗಲೇ ನನ್ನ ಸೂಟ್‌ಕೇಸ್ ಕಾರಿಗಿಟ್ಟು ಬಂದು, ಕಿಟಕಿ ಪಕ್ಕದ ಬ್ಯಾಗನ್ನೂ ಎತ್ತಿಕೊಂಡ.

"ಅದು ಇರಲಿ ಚೈತು. ಅವತ್ತು ನಾನು ಬೋಟಿಗೆ ಬರಲ್ಲ. ಬೇರೆ ಕಡೆ ಹೋಗ್ತಿದೀನಿ," ಎಂದೆ.

"ಒಬ್ಬಳೇನಾ?"

ಸಂಘದ ಹೆಂಗಸರ ಜೊತೆ ಎಂದಿದ್ದರೆ ಮುಗಿಯುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ನಿನ್ನ ಕೈಯಲ್ಲಿರೋ ಬ್ಯಾಗ್ ಯಾರದೋ, ಅವರ ಜೊತೆ."

ಅವನು ಹಿಡಿಕೆಗೆ ಕಟ್ಟಿದ್ದ ಹೆಸರು ಓದಿದ. ಒಲೆಯ ಹತ್ತಿರ ಹಾಲು ಕಾಯಿಸುತ್ತಿದ್ದ ಶ್ರೀಜಾ ಒಲೆ ಆರಿಸಿದಳು. ಇದು ಇಲ್ಲೇಕಿದೆ ಎಂದು ಕೇಳಿದ. ಪರಸ್ಥಾನ ಎಂದೆ. ಹಾಗಂದರೇನೆಂದು ಕೇಳಿದ, ಬಿಡಿಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಮುಖ ಸಣ್ಣದಾಯಿತು.

"ಅವರ ಪ್ರಯಾಣ ನಮ್ಮನೆಯಿಂದ ಶುರುವಾಗಬೇಕಿತ್ತಾ? ಇದು ಅಪ್ಪನ ಮನೆ ಅಮ್ಮ."

"ಅಪ್ಪನ ಮನೆ ಹೌದು. ನಾನೇನು ಇಲ್ಲಿ ಕಾವಲಿಗಿದೀನಾ?"

ಜೀವಮಾನದಲ್ಲಿ ಮೊದಲ ಸಲ ಮಗನ ಮೇಲೆ ದನಿ ಎತ್ತಿದ್ದೆ. ಅವನು ಬ್ಯಾಗನ್ನು ಕೆಳಗಿಟ್ಟು, ಹಿತ್ತಲ ಬಾಗಿಲು ತೆಗೆದುಕೊಂಡು ಹೊರಗೆ ಹೋದ. ಓಕ್ ಮರದ ಕೆಳಗೆ ಬೆನ್ನು ಹಾಕಿ ನಿಂತಿದ್ದು ಗಾಜಿನಿಂದ ಕಾಣುತ್ತಿತ್ತು. ಶ್ರೀಜಾ ಬಂದು ಪಕ್ಕ ಕೂತಳು. "ಸ್ವಲ್ಪ ಹೊತ್ತು ಬಿಡಿ ಅತ್ತೆ. ಅವರಿಗೆ ಅಪ್ಪ ನೆನಪಾಗಿದ್ದಾರೆ," ಎಂದಳು. ಆಗ ನನಗೂ ಅಳು ಬಂತು.

ಅವನು ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಸೋಫಾದಲ್ಲಿ ನನ್ನೆದುರು ಕೂತು, ನೆಲ ನೋಡುತ್ತಾ ಕೇಳಿದ. "ಎಲ್ಲಿಗೆ ಹೋಗೋದು? ಅಲ್ಲಿ ಇಬ್ಬರೂ ಹೋಗಿ ಏನ್ ಮಾಡ್ತೀರಿ?"

ಹೇಳಿದೆ. ಬೆಳಗಿನ ದೋಣಿಯಲ್ಲಿ ಬಿಸಿಲು ಬೀಳದ ಕಡೆ ಕೂರುತ್ತೇವೆ, ಇಳಿದು ಎಡಕ್ಕೆ ತಿರುಗುತ್ತೇವೆ, ಬೇಕರಿಯಲ್ಲಿ ಬಿಸಿ ಬ್ರೆಡ್ಡು ಕೊಳ್ಳುತ್ತೇವೆ, ಮೆಟ್ಟಿಲು ಹತ್ತಿ ಸುಸ್ತಾದರೆ ಅರ್ಧಕ್ಕೇ ಕೂತುಬಿಡುತ್ತೇವೆ, ಅವರು ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಾರೆ, ನಾನು ಅಷ್ಟು ಹೊತ್ತು ನೀರು ನೋಡುತ್ತೇನೆ ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನಡುಮನೆ, ಸೋಫಾ, ಹೊರಗೆ ಯಾರೋ ಹುಲ್ಲು ಕತ್ತರಿಸುವ ಸದ್ದು ಎಲ್ಲ ದೂರ ಸರಿದವು. ನಾನು ಅಷ್ಟು ಮಾತಾಡಿದ್ದನ್ನು ಅವನು ಅಲ್ಲಿಯವರೆಗೆ ಯಾವತ್ತೂ ಕೇಳಿರಲಿಲ್ಲ. ಮಧ್ಯದಲ್ಲಿ ಒಂದು ಸಲ ಅವನು ಸಣ್ಣಗೆ ನಕ್ಕಿದ್ದೂ ಉಂಟು.

"ಸಂಜೆ?"

"ಸಂಜೆ ದೋಣಿಗೆ ವಾಪಸ್ಸು."

"ಅಷ್ಟೇನಾ? ಟೂರ್ ಮುಗಿದ ಮೇಲೆ?"

ಟೂರ್ ಮುಗಿದ ಮೇಲಿನದನ್ನು ನಾವು ಒಂದು ಸಂಜೆಯೂ ಮಾತಾಡಿರಲಿಲ್ಲ. ಆ ಕಡೆ ಹೋಗುವುದಕ್ಕೇ ನಾನು ಬಿಟ್ಟಿರಲಿಲ್ಲ.

"ಆಮೇಲೆ ಅವರು ಹ್ಯೂಸ್ಟನ್‌ಗೆ. ನಾನು ಇಲ್ಲಿಗೆ."

ಚೈತನ್ಯ ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟು ಪೂರಾ ಹೋಗಿರಲಿಲ್ಲ, ದುಃಖವೂ ಇತ್ತು. ಆದರೂ ದಿನಾ ಊಟ ಆಯ್ತಾ ಎಂದು ಕೇಳುವ ದನಿಯಲ್ಲೇ ಕೇಳಿದ.

"ಒಂದು ದಿನ ಸಾಕಾ ಅಮ್ಮ ನಿನಗೆ?"

ಸಾಕು ಎನ್ನಲು ಬಾಯಿ ತೆರೆದೆ. ಆರು ತಿಂಗಳಿನಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದ ಮಾತು ಅದು.

"ಸಾಲದು ಕಣೋ," ಎಂದೆ.