ಎರಡನೇ ಫ್ಯಾನಿನ ತಂತಿ

ಹಿಟ್ಟಿನ ಗಿರಣಿಯ ಎರಡನೇ ಫ್ಯಾನಿಗೆ ದೆವ್ವ ಹಿಡಿದಿದೆ ಎಂಬುದು ಅಲ್ಲಿಯ ಕೆಲಸಗಾರರ ಹಳೇ ಮಾತು. ಸ್ವಿಚ್ ಆರಿಸಿದರೂ ಅದರ ತಂತಿ ಕಚ್ಚುತ್ತದಂತೆ. ದೆವ್ವ ಯಾರದೆಂದು ಕೇಳಿದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ಯಾಕೆಂದರೆ ವೈರಿಂಗ್ ಬದಲಿಸಲು ಬಂದವಳು ಅದೇ ದೆವ್ವದ ಮಗಳು.

ಅವಳ ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಂಟಣ್ಣ ಎಂದೇ. ತಂತಿಗಳನ್ನು ಮೇಣದ ದಾರದಲ್ಲಿ ಬಿಗಿದು ಎರಡು ಕಿವಿಯ ಗಂಟು ಹಾಕುತ್ತಿದ್ದ; ಬಿಟ್ಟರೆ ಬೆಕ್ಕಿನ ಬಾಲಕ್ಕೂ ಹಾಕುವ ಆಸಾಮಿ. ಈ ಫ್ಯಾನಿನ ತಂತಿ ಬಿಚ್ಚುವಾಗಲೇ ಶಾಕ್ ಹೊಡೆದು, ಏಣಿಯಿಂದ ಬಿದ್ದು ಸತ್ತ. ಓಡಿಬಂದವರು ಗಾಬರಿಯಲ್ಲಿ ಇದ್ದಬದ್ದ ಸ್ವಿಚ್ಚುಗಳನ್ನೆಲ್ಲ ಆರಿಸಿದ್ದರಿಂದ, ಅವನು ತಾನೇ ಆರಿಸಿದ್ದನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಪಾಪ, ಮರೆತಿದ್ದಾನೆ ಎಂದು ಊರೇ ತೀರ್ಮಾನಿಸಿತು.

ಊರಿನ ಮಾತು ಹಾಳಾಗಲಿ, ಅವಳ ಅಮ್ಮನೂ ಅದನ್ನೇ ನಂಬಿದ್ದಳು. ಆ ಬೆಳಿಗ್ಗೆ ಜಗಳವಾಗಿ, "ಮನೆ ಫ್ಯಾನ್ ರಿಪೇರಿ ಮಾಡಕ್ಕಾಗಲ್ಲ, ಊರ ಫ್ಯಾನೆಲ್ಲ ತಿರುಗಿಸ್ತೀರ! ಹೋಗಿ, ವಾಪಸ್ ಬರ್ಲೇಬೇಡಿ" ಅಂದುಬಿಟ್ಟಿದ್ದಳು. ಆ ಮಾತು ತಲೆಯಲ್ಲಿ ಕೊರೆಯುತ್ತಿದ್ದರಿಂದಲೇ ಗಂಡ ಸ್ವಿಚ್ ಮರೆತ ಎಂದು ಇವತ್ತಿಗೂ ಕೊರಗುತ್ತಾಳೆ. ಮನೆಯ ಫ್ಯಾನನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಗಾಳಿಯಿಲ್ಲದ ಕೋಣೆಯಲ್ಲಿ ಕೂತು, ನಿಂತ ರೆಕ್ಕೆಗಳ ಜೊತೆ ಪಿಸುಪಿಸು ಮಾತಾಡುತ್ತಾಳೆ.

"ಇಷ್ಟು ಸಣ್ಣ ಮೋಟರಿಗೆ ಇಷ್ಟು ದಪ್ಪ ತಂತಿ, ಮೇಲೆ ಎರಡೆರಡು ಪೈಪ್ ಬೇರೆ! ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಮ್ಮ," ಎಂದ ಗಿರಣಿಯ ಮೇಲ್ವಿಚಾರಕ, ಅವಳು ತಂದ ಹೊಸ ತಂತಿ ನೋಡಿ.

"ಮೋಟರ್ ನೋಡಿ ತಂತಿ ಹಾಕೋ ಕಾಲ ಹೋಯ್ತಣ್ಣ. ವೇಗ ಏರಿಸಿ ಇಳಿಸೋ ಈ ಡ್ರೈವ್ ಡಬ್ಬ ಎಷ್ಟು ಕರೆಂಟ್ ಎಳೆಯುತ್ತೋ ಅದಕ್ಕೆ ಕಾಲು ಭಾಗ ಸೇರಿಸಿ ಲೆಕ್ಕ ಹಾಕ್ಬೇಕು. ಡ್ರೈವಿಂದ ಮೋಟರಿಗೆ ಹೋಗೋ ತಂತಿಗೆ ಒಂದೊಂದು ಫ್ಯಾನಿಗೂ ಬೇರೆ ಪೈಪ್."

"ಈಗ ಎರಡು ಫ್ಯಾನಿನ ತಂತಿನೂ ಒಂದೇ ಪೈಪಲ್ಲಿ ಇದಾವಲ್ಲ?"

ಅವಳಿಗೆ ದೆವ್ವದ ಮಾತು ನೆನಪಾಯಿತು. ಎರಡನೇ ಫ್ಯಾನ್ ಆರಿಸಿ, ಡ್ರೈವಿನಲ್ಲಿ ಉಳಿದ ಕರೆಂಟ್ ಇಳಿಯುವವರೆಗೆ ಕಾದು, ಅದರ ತಂತಿಯನ್ನು ಡ್ರೈವಿನಲ್ಲೂ, ಏಣಿ ಹತ್ತಿ ಫ್ಯಾನಿನಲ್ಲೂ ಬಿಚ್ಚಿದಳು. ಪಕ್ಕದಲ್ಲಿ ಮೊದಲನೇ ಫ್ಯಾನ್ ತಿರುಗುತ್ತಲೇ ಇತ್ತು. ಎಲ್ಲಿಂದಲೂ ಕರೆಂಟ್ ಬರಲಾರದ ಆ ತಂತಿಗೆ ಟೆಸ್ಟರ್ ಇಟ್ಟಳು. ಉರಿಯಿತು.

ಯಾರೋ ಏಣಿಯ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಂತಾಗಿ ತಿರುಗಿ ನೋಡಿದಳು. ಮೇಲ್ವಿಚಾರಕ ದೂರದಲ್ಲಿದ್ದ, ಏಣಿಯ ಬಳಿ ಹಿಟ್ಟಿನ ಧೂಳು ಬಿಟ್ಟರೆ ಏನೂ ಇರಲಿಲ್ಲ.

"ಮೊದಲನೇದನ್ನೂ ನಿಲ್ಸಿ!" ಎಂದು ಕೂಗಿದಳು. ಫ್ಯಾನ್ ನಿಂತಿತು, ಟೆಸ್ಟರ್ ಆರಿತು. ಮತ್ತೆ ಹಾಕಿಸಿದಳು, ಮತ್ತೆ ಉರಿಯಿತು. ಡ್ರೈವ್ ಕರೆಂಟನ್ನು ಕೊಚ್ಚಿ ಕೊಚ್ಚಿ ಕಳಿಸುತ್ತದೆ. ತಂತಿಗಳು ಒಂದೇ ಪೈಪಿನಲ್ಲಿ ಒತ್ತಿಕೊಂಡಿದ್ದರೆ ಪಕ್ಕದ ಆರಿದ ತಂತಿಗೂ ಅದು ಹತ್ತುತ್ತದೆ. ಅಪ್ಪ ಮರೆತಿರಲಿಲ್ಲ. ಏಣಿಯ ಮೇಲೇ ನಿಂತು ಅತ್ತಳು.

ಅಳು ಮುಗಿದ ಮೇಲೆ ಸಿಟ್ಟು ಬಂತು. ಯಾವ ಪಾಪಿ ಎರಡನ್ನೂ ಒಂದೇ ಪೈಪಿಗೆ ತುರುಕಿದ? ಎಲ್ಲವನ್ನೂ ಆರಿಸಿ, ಹಲ್ಲು ಕಚ್ಚಿ ತಂತಿ ಎಳೆದಳು. ಎರಡು ಫ್ಯಾನಿನ ತಂತಿಗಳೂ ಒಟ್ಟಿಗೇ ಬಂದವು, ಮೇಣದ ದಾರದಲ್ಲಿ ಬಿಗಿದುಕೊಂಡು. ದಾರದ ತುದಿಗೆ ಎರಡು ಕಿವಿಯ ಗಂಟು.

ಅಪ್ಪ ಕೆಲಸ ಕಲಿತ ಕಾಲಕ್ಕೆ ಡ್ರೈವ್ ಇರಲಿಲ್ಲ, ಹಾಗೆ ಒಟ್ಟಿಗೆ ಬಿಗಿಯುವುದು ಆಗ ತಪ್ಪೂ ಆಗಿರಲಿಲ್ಲ; ಅವನು ಸಾಯುವ ಹೊತ್ತಿಗೆ ಮಾತ್ರ ಈ ಡಬ್ಬಗಳು ಬಂದಿದ್ದವು. ದಾರವನ್ನು ಗಂಟಿನ ಸಮೇತ ಕತ್ತರಿಸಿ, ಯಾರೂ ನೋಡದಂತೆ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದವಳೇ ಹೇಳಿದಳು: "ಅಮ್ಮ, ಅಪ್ಪ ಸ್ವಿಚ್ ಆಫ್ ಮಾಡಿದ್ರು. ಪಕ್ಕದ ತಂತಿಯಿಂದ ಕರೆಂಟ್ ಹತ್ತಿತ್ತು. ನಿನ್ನ ಮಾತಿಗೂ ಅದಕ್ಕೂ ಸಂಬಂಧವೇ ಇಲ್ಲ."

"ಮರ್ತಿರ್ಲಿಲ್ವಾ?"

"ಇಲ್ಲಮ್ಮ."

ಅಮ್ಮ ಮೇಲೆ ನೋಡಿದಳು. "ಹಾಗಾದ್ರೆ ಈ ಫ್ಯಾನ್ ರಿಪೇರಿ ಮಾಡೇ. ಸೆಕೆ."

ಮಗಳು ಸ್ಕ್ರೂಡ್ರೈವರ್ ತೆಗೆಯುವಾಗ ಚೀಲದಿಂದ ದಾರದ ತುಂಡು ಜಾರಿ ಬಿತ್ತು. ಅಮ್ಮ ತಟ್ಟನೆ ಎತ್ತಿಕೊಂಡಳು.

"ಅಯ್ಯೋ, ಅವರ ಗಂಟು ಅಲ್ವೇನೇ ಇದು! ಎಲ್ಲಿ ಸಿಕ್ತು?"

"ಪೈಪಲ್ಲಿ."

ಅಮ್ಮ ಅದನ್ನು ಕೆನ್ನೆಗೊತ್ತಿಕೊಂಡು, ಎಷ್ಟೋ ವರ್ಷಗಳ ಮೇಲೆ ನಕ್ಕಳು. "ಎಷ್ಟು ಗಟ್ಟಿಯಾಗಿ ಕಟ್ಟಿದಾರೆ ನೋಡು. ಇಷ್ಟು ವರ್ಷ ಆದ್ರೂ ಬಿಚ್ಚಿಲ್ಲ."

"ಹೌದಮ್ಮ," ಎಂದು ಮಗಳು ಸ್ಟೂಲ್ ಹತ್ತಿ, ಮುಖ ಫ್ಯಾನಿನ ಕಡೆ ತಿರುಗಿಸಿಕೊಂಡಳು.