ಬಾಗಿಲು ತಟ್ಟಿದ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರು ಅನೋಚಿಯವರಿಗೆ ಮೂವತ್ತಾರು ತುಂಬಿದರೂ ಮದುವೆಯಾಗಿರಲಿಲ್ಲ. ಹುಡುಗಿಯರು ಒಪ್ಪದೆ ಅಲ್ಲ, ಬಾಯಿ ಸುಮ್ಮನಿರದೆ. ಸೋಮವಾರ ಹಲಗೆಯ ಮೇಲೆ ಹತ್ತು ಹೊಸ ಪದ, ಬುಧವಾರ ಉಪಮೆ, ರೂಪಕ, ಅತಿಶಯೋಕ್ತಿ, ವ್ಯಂಗ್ಯ. ಹದಿಮೂರು ವರ್ಷ ಇದನ್ನೇ ಮಕ್ಕಳಿಗೆ ಅರೆದು ಕುಡಿಸಿದ್ದರಿಂದ, ಯಾರು ಎಲ್ಲಿ ಏನಂದರೂ ಅದು ಯಾವ ಅಲಂಕಾರವೆಂದು ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಸಂತೆಯಲ್ಲಿ ಟೊಮೆಟೊ ಮಾರುವವಳು ಸಕ್ಕರೆಯಂಥ ಹಣ್ಣು ಅಂದರೆ, ಇವರು ಉಪಮೆ ಅನ್ನುವರು. ಅವಳು ಅದನ್ನು ಬೈಗುಳವೆಂದುಕೊಂಡು ಎರಡು ಹಣ್ಣು ಕಡಿಮೆ ಹಾಕುವಳು.

ನಮ್ಮಲ್ಲಿ ಹೆಣ್ಣು ಕೇಳಲು ಹೋಗುವುದನ್ನು ಬಾಗಿಲು ತಟ್ಟುವುದು ಅನ್ನುತ್ತಾರೆ. ಅಲ್ಲಿ ಯಾವುದನ್ನೂ ನೇರವಾಗಿ ಹೇಳುವಂತಿಲ್ಲ. ಎಲ್ಲವನ್ನೂ ಸುತ್ತಿ ಬಳಸಿ, ಅದೂ ಹಿರಿಯರೇ ಆಡಬೇಕು. ಮದುವೆಯಾಗುವವನು ತುಟಿ ಬಿಚ್ಚಬಾರದು. ಹಿಂದೆ ಎರಡು ಮನೆಗಳಲ್ಲಿ ಮೇಷ್ಟ್ರು ತುಟಿ ಬಿಚ್ಚಿದ್ದರು. ಒಂದು ಕಡೆಯಂತೂ ಹುಡುಗಿಯ ಅಪ್ಪನ ಮಾತಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಪದ್ಧತಿಯಂತೆ ಕಾಣಿಕೆಗೆ ಒಯ್ದ ಜಿನ್ ಬಾಟಲಿಗಳನ್ನು ಕಂಕುಳಲ್ಲಿ ಇರುಕಿಕೊಂಡು ವಾಪಸು ಬಂದಿದ್ದರು.

ಮೂರನೆಯವಳು ಸೆರ್ವಾ, ಹೊಲಿಗೆ ಅಂಗಡಿಯವಳು. ಮೇಷ್ಟ್ರು ಹರಿಯದ ನಾಲ್ಕು ಅಂಗಿಗಳನ್ನು ಅವಳಲ್ಲಿ ರಿಪೇರಿ ಮಾಡಿಸಿದ್ದರು. ಇವಳೂ ತಪ್ಪಿಹೋದರೆ ಇನ್ನು ಯಾರ ಬಾಗಿಲನ್ನೂ ತಟ್ಟುವ ಮನಸ್ಸು ತಮಗಿಲ್ಲವೆಂದು ಅವರಿಗೆ ಗೊತ್ತಿತ್ತು. ಭಯವೆಂದರೆ ಭಯ.

ಶನಿವಾರ ಹೊರಡುವಾಗ ಸೋದರಮಾವ ದಾಪಾ ಎಚ್ಚರಿಸಿದ. "ನೋಡಪ್ಪಾ, ಇವತ್ತು ನೀನು ಬರೀ ಕೊರಡು. ಉಸಿರಾಡು, ಸಾಕು."

ರೂಪಕ ಎನ್ನಲು ಮೇಷ್ಟ್ರ ನಾಲಿಗೆ ತುರಿಸಿತು. ನುಂಗಿಕೊಂಡರು.

ಸೆರ್ವಾಳ ಮನೆಯಲ್ಲಿ ಮಾತಿಗೆ ಕೂತವರು ಅವಳ ಅಜ್ಜಿ ಪೊಕುವಾ; ಹಿರಿಯರಾದ್ದರಿಂದ ಎಲ್ಲರ ಬಾಯಲ್ಲೂ ಗೌರವದ ನಾನಾ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಮಾತಿನಲ್ಲಿ ಯಾರಿಗೂ ಸೋತವರೂ ಅಲ್ಲ. ದಾರಿಯಲ್ಲಿ ಹೋಗುತ್ತಿದ್ದೆವು, ನಿಮ್ಮ ಬೇಲಿಯೊಳಗೊಂದು ಹೂವು ಕಂಡಿತು ಎಂದು ದಾಪಾ ಶುರುಮಾಡಿದ. ನಮ್ಮ ಹಿತ್ತಲಲ್ಲಿ ಮರಗೆಣಸು, ಮೆಣಸಿನಕಾಯಿ ಬಿಟ್ಟರೆ ಏನಿದೆ, ಹೂವನ್ನೆಲ್ಲ ಆಡು ತಿಂದಿತು ಎಂದರು ಅಜ್ಜಿ. ಎರಡೂ ಕಡೆಯವರು ನಕ್ಕರು. ಮೇಷ್ಟ್ರು ಕೆಳದುಟಿ ಕಚ್ಚಿ ಹಿಡಿದಿದ್ದರು. ಬಾಟಲಿಗಳು ಮುಂದೆ ಬಂದವು. ಒಂದು ವೇಳೆ ಹೂವಿದ್ದರೂ ಅದಕ್ಕೆ ನೀರೆರೆಯುವವರು ಯಾರು ಎಂದು ಅಜ್ಜಿ ಕೇಳಿದರು. ದಾಪಾನಿಗೆ ಹುರುಪು ಏರಿತು. ನಮ್ಮ ಹುಡುಗನ ಬಾವಿ ಬತ್ತಿದ್ದೇ ಇಲ್ಲ, ಅವನ ಮನೆಯ ಸೂರು ಮೋಡಕ್ಕೆ ತಾಗುತ್ತದೆ ಎಂದುಬಿಟ್ಟ.

"ಅತಿಶಯೋಕ್ತಿ," ಎಂದು ಮೇಷ್ಟ್ರು ಎದ್ದೇ ನಿಂತರು. "ನಾನಿರೋದು ಬಾಡಿಗೆ ರೂಮಲ್ಲಿ, ನಾನಾ. ಮಳೆ ಬಂದ್ರೆ ಸೋರುತ್ತೆ."

ದಾಪಾ ಹೆಗಲ ಬಟ್ಟೆಯಿಂದ ಮುಖ ಮುಚ್ಚಿಕೊಂಡ. ಹೋಯಿತು, ಇದೂ ಹೋಯಿತು ಎಂದುಕೊಂಡರು ಮೇಷ್ಟ್ರು. ಕೂರಬೇಕೋ ಓಡಬೇಕೋ ತಿಳಿಯಲಿಲ್ಲ.

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎದ್ದಿದೀರಲ್ಲ ಮೇಷ್ಟ್ರೇ, ನೀವೇ ಹೇಳಿ. ನನ್ನ ಮೊಮ್ಮಗಳು ಏನಿದ್ದಂಗೆ?"

ಚಂದ್ರ, ಪಾರಿವಾಳ, ಮಲ್ಲಿಗೆ, ಎಲ್ಲವೂ ತಲೆಗೆ ಬಂದವು. ಹುಡುಗರು ಬರೆದಾಗ ಹಳಸಲು ಎಂದು ಅವರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಂಥವು.

"ಯಾವುದರ ಹಾಗೂ ಇಲ್ಲ, ನಾನಾ," ಎಂದರು ಕೊನೆಗೆ. "ಅವಳು ಅವಳ ಹಾಗೇ ಇದಾಳೆ. ಅದಕ್ಕೇ ಬಂದೆ."

ಹಿರಿಯರ ನಡುವೆ ಬಾಯಿ ಹಾಕಿದ ತಪ್ಪಿಗೆ ಇನ್ನೊಂದು ಬಾಟಲಿ ದಂಡ ಎಂದು ಹೇಳಿ, ಅಜ್ಜಿ ಒಳಗಿಂದ ಸೆರ್ವಾಳನ್ನು ಕರೆಸಿದರು. ಹೆಣ್ಣನ್ನು ಮೂರು ಸಲ ಕೇಳಬೇಕು, ಅವಳು ಹೂಂ ಅಂದರೆ ಮಾತ್ರ ಬಾಟಲಿ ಒಳಗೆ ಹೋಗುವುದು. ಇವನ್ನು ಇಟ್ಟುಕೊಳ್ಳೋಣವೇ ಎಂದು ಮೊದಲ ಸಲ ಕೇಳಿದಾಗ ಅವಳು ಕತ್ತು ಬಗ್ಗಿಸಿದ್ದಳು. ಎರಡನೇ ಸಲ ಮೇಷ್ಟ್ರನ್ನೇ ನೋಡುತ್ತ ನಿಂತಳು. ಮೇಷ್ಟ್ರಿಗೆ ಹದಿಮೂರು ವರ್ಷದಲ್ಲಿ ಕಲಿಸಿದ ಪದಗಳೆಲ್ಲ ಮರೆತುಹೋದವು.

ಅಜ್ಜಿ ಮೂರನೇ ಸಲ ಕೇಳಿದರು.

"ಇಟ್ಕೊಳ್ಳಿ, ನಾನಾ," ಎಂದಳು ಸೆರ್ವಾ. "ವಾಪಸ್ ಕೊಟ್ರೆ, ಅದಕ್ಕೂ ಒಂದು ಹೆಸರು ಹೇಳ್ತಾ ಸಾಯಂಕಾಲದವರೆಗೂ ಇಲ್ಲೇ ನಿಂತಿರ್ತಾರೆ."

ಮನೆಯೆಲ್ಲ ಗೊಳ್ಳೆಂದಿತು. ಅದು ಅಪ್ಪಟ ವ್ಯಂಗ್ಯ, ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಹೆಸರು ಹೇಳಲು ಬಾಯಿ ತೆರೆದರು, ಬಂದದ್ದು ಅಳು.