ಶ್ರಾವಣ ಸೋಮವಾರದ ಗುಳಿಗೆ

ಶ್ರಾವಣದ ಮೊದಲ ಸೋಮವಾರ. ಮನೀಶ್ ನಗರದ ಮನೆಯಲ್ಲಿ ದಾಕ್ಷಾಯಿಣಿ ನೆನೆದ ಸಾಬುದಾಣಿಗೆ ಶೇಂಗಾಪುಡಿ ಕಲಸುತ್ತಿದ್ದಳು. ಸೊಸೆ ನೇಹಾ ಬಾಗಿಲಲ್ಲಿ ನಿಂತು ಹಾಲು, ಹಣ್ಣು, ಮೆಟ್ರೊ ಎಂದು ಊರೆಲ್ಲ ಸುತ್ತಿ ಕೊನೆಗೆ ವಿಷಯಕ್ಕೆ ಬಂದಳು.

“ಅತ್ತಿ, ಮಕ್ಕಳಾಗದಂಗ ಗುಳಿಗಿ ತಗೊಳ್ಳಾಕತ್ತೀನ್ರಿ. ಇವತ್ತ ಉಪಾಸ ಐತಿ. ಒಂದ ದಿವಸ ಬಿಟ್ರ ಏನರ ಆಗತೈತೇನ್ರಿ?”

ಹಿಂಗಣಾದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕು ಎರಡೇ ತಿಂಗಳಾಗಿತ್ತು. ಕಾಯಂ ಆಗುವವರೆಗೆ ಬಸಿರು ಬೇಡವೆಂದು ಗಂಡಹೆಂಡತಿ ನಿಶ್ಚಯಿಸಿದ್ದರು.

ದಾಕ್ಷಾಯಿಣಿಯ ಕೈ ಬೋಗುಣಿಯಲ್ಲೇ ನಿಂತಿತು. ಮೂವತ್ನಾಲ್ಕು ವರ್ಷದ ಹಿಂದೆ ಅವಳು ಗದಗಿನಿಂದ ಈ ಮರಾಠಿ ಊರಿಗೆ ಬಂದ ಹೊಸ ಮದುಮಗಳು. ಸೀತಾಬರ್ಡಿಯ ಓಣಿಯಲ್ಲಿ ಎರಡು ಕೋಣೆ, ಸಂಜೆ ಬಟ್ಟೆ ಅಂಗಡಿ ಮುಚ್ಚಿ ಬರುವ ಗಂಡನ ಸೈಕಲ್ ಗಂಟೆ. ಆ ದಿನಗಳನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಆಗ ಅವಳಿಗೆ ಬಿ.ಎಡ್. ಸೀಟೂ ಸಿಕ್ಕಿತ್ತು. ಓದು ಮುಗಿಯುವವರೆಗೆ ಬಸಿರು ಬೇಡವೆಂದು ಹೋದಾಗ ದವಾಖಾನೆಯ ನರ್ಸ್‌ಬಾಯಿ ಗುಳಿಗೆ ಕೊಟ್ಟು ಮರಾಠಿಯಲ್ಲಿ ಗಡಗಡ ಹೇಳಿ ಮುಗಿಸಿದಳು. ಹೊಸಬಳ ಹೊಟ್ಟೆಯಲ್ಲಿ ನೂರು ಪ್ರಶ್ನೆ, ಬಾಯಲ್ಲಿ ಮರಾಠಿ ಇಲ್ಲ. ಅತ್ತೆ ಜಯವ್ವನನ್ನು ಕೇಳುವುದುಂಟೆ? ಆ ತಾಯಿ ಒಳ್ಳೆಯವಳೇ, ಆದರೆ ಇಂಥ ಮಾತು ಆ ಮನೆಯ ಹೊಸ್ತಿಲು ದಾಟಿ ಬಂದೇ ಇರಲಿಲ್ಲ.

ಶ್ರಾವಣ ಬಂತು. ಗುಳಿಗೆ ನುಂಗಿದರೆ ವ್ರತ ಕೆಡುತ್ತದೆಂದು ಸೋಮವಾರ ಬಿಟ್ಟಳು. ಗೌರಿಗೆಂದು ಮಂಗಳವಾರವೂ ಬಿಟ್ಟಳು. ಭಾರಿ ಶಾಣೆ! ದಸರೆಯ ಹೊತ್ತಿಗೆ ಹುಣಸೆಕಾಯಿ ಕಂಡರೆ ಬಾಯಲ್ಲಿ ನೀರು. ಸೀಟು ಇನ್ನೊಬ್ಬಳ ಪಾಲಾಯಿತು. ಹುಟ್ಟಿದವನು ಪ್ರಭುದೇವ, ಇದೇ ನೇಹಾಳ ಗಂಡ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇಂದು ಸೊಸೆಗೆ ಒಂದೂ ಬಿಡದೆ ಹೇಳಿದಳು.

“ಅಂದ್ರ ನೀವು ಬರೋಬರ್ ನುಂಗಿದ್ರ ಇವರು ಹುಟ್ಟತಿದ್ದಿಲ್ಲೇನ್ರಿ?”

“ಆಗ ಹುಟ್ಟತಿದ್ದಿಲ್ಲ. ಅವ ಅಂದ್ರ ನನ್ನ ಜೀವ, ಅದ ಬ್ಯಾರೆ ಮಾತು. ಆದ್ರ ನಾ ಟೀಚರ್ ಆಗಬೇಕಂತ ಭಾಳ ಆಸೆ ಇತ್ತವಾ. ಗುಳಿಗಿಯಿಂದ ಉಪಾಸ ಕೆಡಂಗಿಲ್ಲ. ದಿನಾ ಒಂದ ಹೊತ್ತಿಗೆ ತಗೋ. ಒಂದು ಮರೆತ್ರ ನೆನಪಾದ ಕೂಡಲೇ ನುಂಗು. ಅದಕ್ಕೂ ಹೆಚ್ಚು ತಪ್ಪಿದ್ರ ಡಾಕ್ಟರ್‌ನ ಕೇಳು, ನನ್ನಂಗ ನಿನ್ನಷ್ಟಕ್ಕ ನೀನ ತೀರ್ಮಾನ ಮಾಡಬ್ಯಾಡ.”

ನೇಹಾ ಅಲ್ಲೇ ಗುಳಿಗೆ ನುಂಗಿ ನೀರು ಕುಡಿದಳು. ಹೋಗದೆ ಅತ್ತೆಯ ಪಕ್ಕದಲ್ಲೇ ಕುಳಿತು, ಟೀಚರ್ ಆಗಿದ್ದರೆ ಏನು ಕಲಿಸುತ್ತಿದ್ದಿರಿ ಎಂದು ಕೇಳಿದಳು.

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಗಣಿತ,” ಎನ್ನುತ್ತ ದಾಕ್ಷಾಯಿಣಿ ಅಳತೊಡಗಿದಳು.